ಹಳೇ ಫೈಲ್ ತಂದಿದ್ದೀರಾ?

ಡಾಕ್ಟರನ್ನು ಬಿಡುವುದಕ್ಕೆ ನಮ್ಮಲ್ಲಿ ಗೌರವಸ್ಥರ ದಾರಿ ಅಂತ ಇರುವುದು ಎರಡೇ. ಒಂದೋ ಡಾಕ್ಟರು ತೀರಿಕೊಳ್ಳಬೇಕು, ಇಲ್ಲವೇ ನಾವು. ಎರಡೂ ಆಗದೆ, ಇಬ್ಬರೂ ಒಂದೇ ಊರಿನಲ್ಲಿ ಗಟ್ಟಿಮುಟ್ಟಾಗಿ ಓಡಾಡಿಕೊಂಡಿರುವಾಗ, ಅವರನ್ನು ಬಿಟ್ಟು ಇನ್ನೊಬ್ಬರ ಹತ್ತಿರ ಹೋಗುವುದಿದೆಯಲ್ಲ, ಮೈಸೂರಿನಂಥ ಊರಿನಲ್ಲಿ ಅದು ಸುಲಭದ ಮಾತಲ್ಲ. ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಎದುರಾಗುತ್ತಾರೆ. ಸಂಜೆ ದೇವರಾಜ ಮಾರ್ಕೆಟ್ಟಿನಲ್ಲಿ ವೀಳ್ಯದೆಲೆ ಎಣಿಸಿಕೊಳ್ಳುವಾಗ ಪಕ್ಕದಲ್ಲೇ ನಿಂತಿರುತ್ತಾರೆ. ಎಲ್ಲೂ ಸಿಗದಿದ್ದರೆ ಮದುವೆ ಛತ್ರದಲ್ಲಂತೂ ಸಿಕ್ಕೇ ಸಿಗುತ್ತಾರೆ.

ಬಿಡುವುದಷ್ಟೇ ಆಗಿದ್ದರೆ ಹೇಗೋ ಸಾಗೀತು. ಒಂದು ಅಪಾಯಿಂಟ್‌ಮೆಂಟ್ ತಪ್ಪಿಸಿ, ಮುಂದಿನದಕ್ಕೆ ಫೋನೇ ಮಾಡದೆ, ಸದ್ದಿಲ್ಲದೆ ಜಾರಿಕೊಳ್ಳಬಹುದು. ಆದರೆ ಹೊಸ ಡಾಕ್ಟರು ಎದುರಿಗೆ ಕೂರಿಸಿಕೊಂಡು ಕೇಳುವ ಮೊದಲ ಪ್ರಶ್ನೆಯೇ, ‘ಹಳೇ ಫೈಲ್ ತಂದಿದ್ದೀರಾ?’ ಆ ಫೈಲು ಹಳೆಯ ಡಾಕ್ಟರ ಆಸ್ಪತ್ರೆಯಲ್ಲಿದೆ. ಅದನ್ನು ಹೋಗಿ ಕೇಳಿದರೆ ‘ನಿಮ್ಮನ್ನು ಬಿಡುತ್ತಿದ್ದೇನೆ’ ಅಂತ ಕಾಗದದ ಮೇಲೆ ಬರೆದು, ತಾರೀಖು ಹಾಕಿ, ಸಹಿ ಮಾಡಿ ಕೊಟ್ಟಂತೆಯೇ. ಇಷ್ಟು ನಿಷ್ಠುರವಾಗುವ ಧೈರ್ಯ ಇದ್ದಿದ್ದರೆ ನಾನು ಮೇಷ್ಟ್ರಾಗುತ್ತಿರಲಿಲ್ಲ, ವಕೀಲನಾಗುತ್ತಿದ್ದೆ.

ನಮ್ಮೂರು ಹುಣಸೂರಿನ ಕಡೆಯದು. ಅಲ್ಲಿ ನಾನು ಹುಡುಗನಾಗಿದ್ದಾಗ ಇದ್ದವರು ಒಬ್ಬ ಎಲ್.ಎಂ.ಪಿ. ಡಾಕ್ಟರು. ಅವರ ಶಾಪಿನಲ್ಲಿ ಫೈಲು ಎಂಬ ಪದಾರ್ಥವೇ ಇರಲಿಲ್ಲ. ಒಂದು ಮರದ ಬೆಂಚು, ಸ್ಪಿರಿಟ್ ದೀಪದ ಮೇಲೆ ಕುದಿಯುವ ಸಿರಿಂಜು, ಮರದ ಅಡ್ಡತಡಿಕೆಯ ಆಚೆ ಕಾಂಪೌಂಡರು. ಮನೆಯಿಂದ ತೊಳೆದು ತಂದ ಬಾಟಲಿಗೆ ಕಾಂಪೌಂಡರು ಗುಲಾಬಿ ಬಣ್ಣದ ಮಿಕ್ಸ್ಚರ್ ತುಂಬುತ್ತಿದ್ದರು. ಆಮೇಲೆ ಕಾಗದದ ಪಟ್ಟಿಯೊಂದನ್ನು ಮಡಿಸಿ, ಕತ್ತರಿಯಲ್ಲಿ ಅದರ ಅಂಚನ್ನು ಹಲ್ಲು ಹಲ್ಲಾಗಿ ಕತ್ತರಿಸಿ, ಬಾಟಲಿಯ ಮೈಗೆ ಅಂಟಿಸುತ್ತಿದ್ದರು. ಒಂದು ಹಲ್ಲಿಗೆ ಒಂದು ಡೋಸು. ನನ್ನ ಕಾಯಿಲೆಯ ದಾಖಲೆ ಅಂತ ಇದ್ದದ್ದು ಆ ಪಟ್ಟಿಯೊಂದೇ. ಬಾಟಲಿ ಖಾಲಿಯಾದರೆ ದಾಖಲೆಯೂ ಮುಗಿಯಿತು. ಮಿಕ್ಕದ್ದೆಲ್ಲ ಡಾಕ್ಟರ ತಲೆಯಲ್ಲಿತ್ತು. ‘ನಿಮ್ಮಜ್ಜಿಗೂ ಮಳೆ ಹಿಡೀತು ಅಂದ್ರೆ ಹೀಗೇ ಗೂರಲು ಬರ್ತಿತ್ತು ಕಣೋ’ ಅನ್ನುತ್ತ ಬೆನ್ನಿಗೆ ಸ್ಟೆತಾಸ್ಕೋಪ್ ಇಡುತ್ತಿದ್ದರು. ಯಾರ ಮನೆಯಲ್ಲಿ ಯಾರಿಗೆ ಸಕ್ಕರೆ, ಯಾವ ಸೊಸೆಗೆ ಯಾವ ಮಾತ್ರೆ ಆಗಿಬರುವುದಿಲ್ಲ, ಎಲ್ಲ ಅವರಿಗೆ ಬಾಯಿಪಾಠ. ಅವರು ತೀರಿಕೊಂಡ ದಿನ ಇಡೀ ಹೋಬಳಿಯ ಮೆಡಿಕಲ್ ರೆಕಾರ್ಡು ಅವರ ಜೊತೆ ಹೋಯಿತು. ಹಾಗಂತ ಯಾರಿಗೂ ಅನ್ನಿಸಲಿಲ್ಲ. ‘ಡಾಕ್ಟ್ರು ಹೋದ್ರು’ ಅಂತ ಅತ್ತೆವು, ಅಷ್ಟೇ.

ಈಗ ನಮ್ಮ ಮನೆಯ ದಾಖಲೆಗಳಿರುವುದು ರೇಷ್ಮೆ ಸೀರೆ ಅಂಗಡಿಯವರು ಕೊಟ್ಟ ದಪ್ಪ ಕೈಚೀಲದಲ್ಲಿ. ಕರ್ನಾಟಕದಲ್ಲಿ ಬಹುಪಾಲು ಮನೆಗಳ ಕಥೆ ಇದೇ ಇರಬೇಕು. ಯಾವ ಆಸ್ಪತ್ರೆಯ ಬೆಂಚಿನ ಮೇಲೆ ನೋಡಿದರೂ ಸೀರೆ ಅಂಗಡಿಗಳ ಹೆಸರು ಸಾಲಾಗಿ ಕೂತಿರುತ್ತವೆ. ನಮ್ಮ ಚೀಲದಲ್ಲಿ ಲ್ಯಾಬ್ ರಿಪೋರ್ಟುಗಳಿವೆ, ಚೀಲಕ್ಕೆ ಹಿಡಿಸದೆ ತಲೆ ಹೊರಗೆ ಹಾಕಿಕೊಂಡ ಎದೆಯ ಎಕ್ಸ್‌ರೇ ಇದೆ, ಮೆಡಿಕಲ್ ಶಾಪಿನ ಬಿಲ್ಲುಗಳಿವೆ, ಮತ್ತು 2014ರಲ್ಲಿ ನನಗೆ ಎದೆನೋವು ಬಂದ ರಾತ್ರಿ ತೆಗೆದ ಇಸಿಜಿ ಇದೆ. ಇದೆ ಅನ್ನುವುದೂ ಒಂದು ಮಾತು. ಇಸಿಜಿ ಬರುವುದು ಥರ್ಮಲ್ ಕಾಗದದ ಮೇಲೆ. ಬಿಸಿ ತಾಗಿ ಮೂಡಿದ ಗೆರೆ ವರ್ಷಗಳು ಕಳೆದ ಹಾಗೆ ಮಾಸಿಹೋಗುತ್ತದೆ. ಆಗಲೇ ಜೆರಾಕ್ಸ್ ಮಾಡಿಸಿಟ್ಟವರು ಬುದ್ಧಿವಂತರು. ನಮ್ಮದರಲ್ಲಿ ಅಚ್ಚಿನ ಗುಲಾಬಿ ಚೌಕಗಳು ಹಾಗೇ ಇವೆ, ಗೆರೆ ಮಾತ್ರ ಇಲ್ಲ. ಮೊಮ್ಮಗ ಅದನ್ನು ನೋಡಿ ‘ತಾತ, ಇದು ಗ್ರಾಫ್ ಶೀಟಾ?’ ಅಂತ ಕೇಳಿದ. ತಿಳಿಯದವರ ಕೈಗೆ ಕೊಟ್ಟರೆ ಅದನ್ನೇ ಆಧಾರ ಮಾಡಿಕೊಂಡು ಮರಣ ಪ್ರಮಾಣಪತ್ರ ಬರೆದಾರು.

ಆ ರಾತ್ರಿ ನನಗೆ ಸ್ಟೆಂಟ್ ಹಾಕಿದವರೇ ನಮ್ಮ ಡಾಕ್ಟರು. ಆಗಿನ್ನೂ ಅವರ ಕೂದಲು ಕಪ್ಪಗಿತ್ತು. ‘ಮೇಷ್ಟ್ರೇ, ಈಗ ನಿಮ್ಮ ಮಣಿಕಟ್ಟಿನಿಂದ ಒಂದು ತಂತಿ ಎದೆಗೆ ಹೋಗುತ್ತೆ, ಹೆದರಬೇಡಿ’ ಅಂತ ಒಂದೊಂದನ್ನೂ ಹೇಳಿ ಹೇಳಿ ಮಾಡಿದರು. ಸ್ಟೆಂಟಿನ ಬಿಲ್ಲು ನೋಡಿದಾಗ ಎದೆ ಮತ್ತೊಮ್ಮೆ ಹಿಡಿದುಕೊಂಡಿತು, ಅದು ಬೇರೆ ಮಾತು. 2017ರ ಫೆಬ್ರವರಿಯಲ್ಲಿ ಕೇಂದ್ರದ ಔಷಧ ಬೆಲೆ ಪ್ರಾಧಿಕಾರ, ಔಷಧ ಲೇಪಿಸಿದ ಸ್ಟೆಂಟಿಗೆ 29,600 ರೂಪಾಯಿ ಮಿತಿ ಹಾಕಿದ ಸುದ್ದಿ ಪೇಪರಿನಲ್ಲಿ ಬಂದಾಗ, ನನ್ನ ಹೆಂಡತಿ ಕನ್ನಡಕ ಏರಿಸಿ, ‘ಇನ್ನೊಂದು ಮೂರು ವರ್ಷ ತಡ್ಕೊಂಡಿದ್ರೆ ಆಗ್ತಿತ್ತು ನೀವು’ ಅಂದಳು.

ಆಮೇಲಿನ ವರ್ಷಗಳಲ್ಲಿ ಡಾಕ್ಟರು ದೊಡ್ಡವರಾದರು. ಇದು ದೂರಲ್ಲ. ಮೊದಲು ಅವರ ಕೋಣೆಗೆ ಹೋದರೆ ಸ್ಕೂಲಿನ ಸುದ್ದಿ, ಮಳೆಯ ಸುದ್ದಿ ಎಲ್ಲ ಆಗಿ ಕೊನೆಗೆ ನಾಡಿ ಹಿಡಿಯುತ್ತಿದ್ದರು. ಆಮೇಲೆ ನಮ್ಮಿಬ್ಬರ ನಡುವೆ ಒಬ್ಬ ಜೂನಿಯರ್ ಬಂದ. ಅವನ ಹಿಂದೆ ಇನ್ನೊಬ್ಬಳು ಬಂದಳು. ಅವರಿಬ್ಬರಿಗೂ ನನ್ನ ಕಥೆ ಹೇಳಿ ಮುಗಿಸುವಷ್ಟರಲ್ಲಿ ನನಗೇ ಬೇಸರವಾಗಿ, ಕೊನೆಗೆ ಡಾಕ್ಟರ ಮುಂದೆ ಕೂತಾಗ ‘ಚೆನ್ನಾಗಿದ್ದೀನಿ’ ಅನ್ನುತ್ತಿದ್ದೆ. ಅವರು ಕಂಪ್ಯೂಟರಿನ ಪರದೆ ನೋಡಿಕೊಂಡು ‘ಗುಡ್, ಗುಡ್’ ಅನ್ನುತ್ತಿದ್ದರು. ಚೆನ್ನಾಗಿರುವುದು ಪರದೆಯಲ್ಲಿದ್ದವನೋ ನಾನೋ ಅಂತ ಅನುಮಾನವಾಗುತ್ತಿತ್ತು. ನನ್ನ ಮಗಳು ಇದನ್ನೆಲ್ಲ ಒಂದು ದಿನ ಗೋಡೆಗೊರಗಿ ನೋಡಿದಳು. ಮನೆಗೆ ಬಂದವಳೇ, ‘ಅಪ್ಪ, ನಮ್ಮ ಮನೆ ಹತ್ತಿರಾನೇ ಒಬ್ರು ಒಳ್ಳೇ ಕಾರ್ಡಿಯಾಲಜಿಸ್ಟ್ ಇದ್ದಾರೆ’ ಅಂದಳು. ಮರುಮಾತಾಡಲು ನಾನು ಹುಡುಕಿದ ಕಾರಣಗಳಲ್ಲಿ ಒಂದೂ ನನ್ನ ಆರೋಗ್ಯಕ್ಕೆ ಸಂಬಂಧಪಟ್ಟಿರಲಿಲ್ಲ. ‘ಅವರು ಬೇಜಾರು ಮಾಡ್ಕೊಳ್ತಾರೆ ಕಣೆ’ ಅಂದೆ. ‘ಯಾರು?’ ಅಂದಳು.

ಹೀಗೆ ನಾನು ಎಂ.ಆರ್.ಡಿ. ಮೆಟ್ಟಿಲು ಇಳಿದೆ. ಮೆಡಿಕಲ್ ರೆಕಾರ್ಡ್ಸ್ ಡಿಪಾರ್ಟ್‌ಮೆಂಟ್ ಅಂತ ಪೂರ್ತಿ ಹೆಸರು. ಅಲ್ಲಿ ಅದು ಇದ್ದದ್ದು ನೆಲಮಾಳಿಗೆಯಲ್ಲಿ. ಆಕ್ಸಿಜನ್ ಸಿಲಿಂಡರುಗಳನ್ನು ದಾಟಿ, ಚಕ್ರ ಕಳಚಿದ ವೀಲ್‌ಚೇರುಗಳನ್ನು ದಾಟಿ, ಟ್ಯೂಬ್‌ಲೈಟು ಮಿಣುಕುವ ಕಡೆ ಒಂದು ಕಿಟಕಿ. ಒಳಗೆ ಒಬ್ಬ ಹುಡುಗಿ, ಅವಳ ಹಿಂದೆ ಸೂರಿನವರೆಗೆ ಕಂದು ಬಣ್ಣದ ಫೈಲುಗಳು.

‘ಪೇಷಂಟ್ ಹೆಸರು?’

ಹೇಳಿದೆ.

‘ಅವರಿಗೆ ನೀವೇನಾಗ್ಬೇಕು?’

‘ನಾನೇ ಅವರು.’

ಹುಡುಗಿ ತಲೆ ಎತ್ತಿ ನೋಡಿದಳು. ‘ಇಲ್ಲಿಗೆ ಸಾಮಾನ್ಯವಾಗಿ ಪೇಷಂಟ್ ಬರಲ್ಲ ಸಾರ್. ಅವರ ಕಡೆಯವ್ರು ಬರ್ತಾರೆ’ ಅಂದಳು. ಕ್ಲೇಮಿನವರು, ಪೊಲೀಸಿನವರು, ಕೋರ್ಟಿನವರು ಬರುವ ಜಾಗಕ್ಕೆ ಜೀವಂತ ಬಂದು ನಿಂತದ್ದಕ್ಕೆ ನನಗೇ ಒಂಥರಾ ಆಯಿತು. ಅರ್ಜಿ ಕೊಟ್ಟಳು. ಹೆಸರು, ಯು.ಎಚ್.ಐ.ಡಿ. ನಂಬರು, ಅಡ್ಮಿಟ್ ಆದ ತಾರೀಖು. ‘ರೋಗಿಯೊಂದಿಗೆ ಸಂಬಂಧ’ ಎಂಬಲ್ಲಿ ‘ಸ್ವತಃ’ ಅಂತ ಬರೆದೆ. ಅರವತ್ತೈದು ದಾಟಿದ ಮೇಲೆ ಆ ಸಂಬಂಧವೂ ಅಷ್ಟೇನೂ ಸೌಹಾರ್ದದ್ದಲ್ಲ. ಆದರೆ ಅರ್ಜಿಯಲ್ಲಿ ಅದಕ್ಕೆ ಜಾಗ ಇರಲಿಲ್ಲ. ಆಮೇಲೆ ಬಂತು ‘ಕಾರಣ’. ಇನ್ಶೂರೆನ್ಸ್, ಕೋರ್ಟ್, ಇತರೆ. ಇತರೆ ಮುಂದೆ ಒಂದು ಉದ್ದ ಗೆರೆ. ಆ ಗೆರೆಯ ಮೇಲೆ ಏನು ಬರೆಯುವುದು? ‘ಮಳೆಯ ಸುದ್ದಿ ನಿಂತುಹೋಗಿದ್ದರಿಂದ’ ಅಂತ ಬರೆಯಲಾದೀತೆ? ಪೆನ್ನು ಹಿಡಿದು ನಿಂತೇ ಇದ್ದೆ. ಹುಡುಗಿ ಕಿಟಕಿಯಿಂದ ಬಗ್ಗಿ, ದನಿ ತಗ್ಗಿಸಿ, ‘ಇನ್ಶೂರೆನ್ಸ್‌ಗೆ ಟಿಕ್ ಹಾಕಿ ಸಾರ್. ಇತರೆ ಅಂದ್ರೆ ಮೇಲಿನವ್ರು ಕರೆದು ಕೇಳ್ತಾರೆ’ ಅಂದಳು. ಹಾಕಿದೆ. ಕೆಳಗೆ ‘ಕಚೇರಿ ಉಪಯೋಗಕ್ಕೆ ಮಾತ್ರ’ ಅಂತ ಒಂದು ಖಾನೆ ಇತ್ತು. ‘ಅಲ್ಲೇನೂ ಬರೀಬೇಡಿ’ ಅಂದಳು.

ನಾನೇನೂ ಬರಿಗೈಯಲ್ಲಿ ಹೋಗಿರಲಿಲ್ಲ. ಮಗಳು ಒಂದು ಕಾಗದ ಮಡಿಸಿ ಜೇಬಿಗೆ ಹಾಕಿದ್ದಳು. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಡವಳಿಕೆ ನಿಯಮಗಳ ಪ್ರಕಾರ, ರೋಗಿಯಾಗಲಿ ಅವನ ಕಡೆಯವರಾಗಲಿ ದಾಖಲೆ ಕೇಳಿದರೆ, ಕೇಳಿದ್ದಕ್ಕೆ ಸ್ವೀಕೃತಿ ಕೊಟ್ಟು 72 ಗಂಟೆಯೊಳಗೆ ದಾಖಲೆ ಕೊಡಬೇಕು. ಮಾನವ ಹಕ್ಕುಗಳ ಆಯೋಗ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನ್ನದಿನಲ್ಲಿ ಇನ್ನೊಬ್ಬ ವೈದ್ಯರ ಅಭಿಪ್ರಾಯ ಪಡೆಯುವ ಹಕ್ಕೂ ಇದೆ. ಆ ಆಸ್ಪತ್ರೆಯಲ್ಲೇ ಹಕ್ಕುಗಳ ಬೋರ್ಡು ತೂಗುಹಾಕಿದ್ದರು, ಕುಡಿಯುವ ನೀರಿನ ಫಿಲ್ಟರಿನ ಹಿಂದೆ. ನೀರು ಹಿಡಿಯಲು ಬಗ್ಗಿದವರಿಗೆ ಕೊನೆಯ ಎರಡು ಹಕ್ಕು ಓದಲು ಸಿಗುತ್ತಿತ್ತು. ಆದರೂ ಜೇಬಿನ ಕಾಗದ ನಾನು ತೆಗೆಯಲಿಲ್ಲ. ಕಾರಣ, 72 ಗಂಟೆಯ ಕಲಮಿನ ಮೇಲುಗಡೆಯೇ ಇನ್ನೊಂದು ಕಲಮು ಕೂತಿದೆ: ಒಳರೋಗಿಗಳ ದಾಖಲೆಯನ್ನು ಚಿಕಿತ್ಸೆ ಶುರುವಾದ ದಿನದಿಂದ 3 ವರ್ಷ ಇಟ್ಟುಕೊಂಡರೆ ಸಾಕು ಅಂತ. ನನ್ನದು 2014ರದ್ದು. ನಾನು ಒಂದು ತೋರಿಸಿದರೆ ಅವರು ಅದರ ಮೇಲಿನದನ್ನು ತೋರಿಸಬಹುದಿತ್ತು. ಫೈಲು ಇನ್ನೂ ರದ್ದಿಗೆ ಹೋಗದೆ ಗೋಡೌನಿನಲ್ಲಿ ಉಳಿದದ್ದೇ ನನ್ನ ಪುಣ್ಯ. ಪುಣ್ಯವಿರುವ ಕಡೆ ಕಾನೂನು ಮಾತಾಡಬಾರದು.

ಹೇಳಿದ ದಿನ ಹೋದೆ, ಬೇರೆ ದಿನ ಹೇಳಿದರು. ಆ ದಿನ ಹೋದೆ, ಜೆರಾಕ್ಸ್ ಮೆಷಿನ್ ಕೆಟ್ಟಿತ್ತು. ಈ ನಡುವೆ ನಮ್ಮ ಮನೆಗೆಲಸದ ಲಕ್ಷ್ಮಮ್ಮನ ಮಗಳು ಬಾಣಂತನಕ್ಕೆ ಬಂದಿದ್ದಳು. ಅವಳ ಕೈಯಲ್ಲಿ ತಾಯಿ ಕಾರ್ಡು. ತೂಕ, ಬಿ.ಪಿ., ರಕ್ತದ ಅಂಶ, ಕಬ್ಬಿಣದ ಮಾತ್ರೆ, ಇಂಜೆಕ್ಷನ್ನು, ಎಲ್ಲ ಅದರಲ್ಲೇ. ಆಶಾ ಕಾರ್ಯಕರ್ತೆ ಬಂದಾಗ ಅದು, ಸ್ಕ್ಯಾನಿಂಗಿಗೆ ಹೋದಾಗ ಅದು. ನೋವು ಬಂದ ರಾತ್ರಿ ಚೆಲುವಾಂಬ ಆಸ್ಪತ್ರೆಗೆ ಓಡಿದಾಗ ಬಟ್ಟೆಯ ಗಂಟಿಗಿಂತ ಮೊದಲು ಕೈಗೆತ್ತಿಕೊಂಡದ್ದೂ ಅದನ್ನೇ. ಅವಳು ಯಾವ ಕಿಟಕಿಯ ಮುಂದೆಯೂ ನಿಂತು ಯಾರನ್ನೂ ಕೇಳಬೇಕಾಗಲಿಲ್ಲ. ‘ನಿಮಗೂ ಒಂದು ಮಾಡಿಸಿಕೊಳ್ಳಿ ಅಪ್ಪಾರೆ’ ಅಂದಳು ಲಕ್ಷ್ಮಮ್ಮ. ತಾತ ಕಾರ್ಡು ಅಂತ ಸರ್ಕಾರ ಒಂದನ್ನು ತಂದರೆ ಮೊದಲ ಸಾಲಿನಲ್ಲಿ ನಾನಿರುತ್ತೇನೆ.

ಫೈಲಿನ ಪ್ರತಿ ಕೊನೆಗೂ ಕೈಗೆ ಬಂತು, ದಪ್ಪ ಕವರಿನಲ್ಲಿ, ಜೊತೆಗೆ ಆಂಜಿಯೋಗ್ರಾಮಿನ ಒಂದು ಸಿ.ಡಿ. ಮನೆಗೆ ತಂದು ಊಟದ ಮೇಜಿನ ಮೇಲೆ ಹರಡಿಕೊಂಡು ಓದಿದೆ. ನನ್ನ ಬಗ್ಗೆ ಇಷ್ಟು ಪುಟ ಯಾರೂ ಬರೆದದ್ದಿಲ್ಲ. ರಾತ್ರಿಪಾಳಿಯ ನರ್ಸು ಗಂಟೆಗೊಮ್ಮೆ ಬರೆದಿಟ್ಟಿದ್ದಾಳೆ: 1 ಗಂಟೆಗೆ ನಿದ್ರಿಸುತ್ತಿದ್ದಾರೆ, 2 ಗಂಟೆಗೆ ನಿದ್ರಿಸುತ್ತಿದ್ದಾರೆ, 3 ಗಂಟೆಗೆ ನಿದ್ರಿಸುತ್ತಿದ್ದಾರೆ. ನಾನು ಆ ಮೂರೂ ಗಂಟೆ ಕಣ್ಣು ಮುಚ್ಚಿಕೊಂಡು ಮನೆಯ ಸಾಲದ ಕಂತು ಲೆಕ್ಕ ಹಾಕುತ್ತಿದ್ದೆ. ಸ್ಟೆಂಟಿನ ಡಬ್ಬಿಯಿಂದ ಕಿತ್ತು ಅಂಟಿಸಿದ ಸ್ಟಿಕ್ಕರ್ ಒಂದು ಪುಟದಲ್ಲಿದೆ, ಬ್ಯಾಚ್ ನಂಬರಿನ ಸಮೇತ. ಅದರ ಹಿಂದಿನ ಪುಟ ಒಪ್ಪಿಗೆ ಪತ್ರ. ಜೀವಕ್ಕೆ ಅಪಾಯವಾಗಬಹುದು, ತಿಳಿದೇ ಒಪ್ಪಿದ್ದೇನೆ ಅಂತೆಲ್ಲ ಇಂಗ್ಲಿಷಿನಲ್ಲಿ ಅಚ್ಚಾಗಿರುವುದರ ಕೆಳಗೆ, ರಾತ್ರಿ 12.40 ಅಂತ ಬರೆದಿರುವುದರ ಪಕ್ಕ, ನನ್ನ ಹೆಂಡತಿಯ ಸಹಿ. ಇಡೀ ಫೈಲಿನಲ್ಲಿ ಕನ್ನಡದಲ್ಲಿರುವುದು ಅದೊಂದೇ. ಅವಳ ಹೆಸರಿನ ಕೊನೆಯ ದೀರ್ಘ ಗೆರೆಯ ಆಚೆ ಹೋಗಿದೆ. ಬ್ಯಾಂಕಿನವರು ಎಷ್ಟೋ ಸಲ ಆ ದೀರ್ಘಕ್ಕೇ ಚೆಕ್ಕು ವಾಪಸು ಮಾಡಿದ್ದರು. ಅವಳು ಆ ಕಾಗದಕ್ಕೆ ಸಹಿ ಮಾಡಿದ್ದು ನನಗೆ ಗೊತ್ತೇ ಇರಲಿಲ್ಲ. ಒಳಗೆ ಮಲಗಿದ್ದವನಿಗೆ ಹೇಗೆ ಗೊತ್ತಾಗಬೇಕು? ಅವಳೂ ಹೇಳಲಿಲ್ಲ. ಈಗ ಕೇಳೋಣವೆಂದರೆ ಅವಳಿಲ್ಲ. ಆ ಪುಟವನ್ನು ಹೊಸ ಡಾಕ್ಟರಿಗೆ ಕೊಡುವ ಕಟ್ಟಿನಿಂದ ತೆಗೆದು ಬೀರುವಿನಲ್ಲಿಟ್ಟೆ. ಹೃದಯದ ವಿಚಾರದಲ್ಲಿ ಅವರಿಗೆ ಅದರಿಂದ ತಿಳಿಯಬೇಕಾದದ್ದೇನೂ ಇರಲಿಲ್ಲ.

ಸಿ.ಡಿ.ಯದು ಬೇರೆ ಕಥೆ. ಮಗಳ ಲ್ಯಾಪ್‌ಟಾಪಿನಲ್ಲಿ ಸಿ.ಡಿ. ಹಾಕುವ ಬಾಯಿಯೇ ಇಲ್ಲ. ಅಳಿಯನದರಲ್ಲೂ ಇಲ್ಲ. ಹೊಸ ಡಾಕ್ಟರ ಕ್ಲಿನಿಕ್ಕಿಗೆ ಫೋನ್ ಮಾಡಿದರೆ, ‘ನಮ್ಮಲ್ಲೂ ಇಲ್ಲ, ಪೆನ್‌ಡ್ರೈವಿನಲ್ಲಿ ತನ್ನಿ’ ಅಂದರು. ಕೊನೆಗೆ ನಮ್ಮ ರಸ್ತೆಯ ಫೋಟೋ ಸ್ಟುಡಿಯೋದಲ್ಲಿ ಸಿಕ್ಕಿತು. ಅವನು ಯಾರದೋ ಆರತಕ್ಷತೆ ಎಡಿಟ್ ಮಾಡುತ್ತಿದ್ದ. ಅದನ್ನು ನಿಲ್ಲಿಸಿ ನನ್ನದನ್ನು ಹಾಕಿದ. ದೊಡ್ಡ ಪರದೆಯ ಮೇಲೆ ಬೂದು ಬಣ್ಣದ ನಡುವೆ ಕಪ್ಪು ರಕ್ತನಾಳ ಚಿಮ್ಮಿ, ಕವಲೊಡೆದು, ಒಂದು ಕಡೆ ದಾರದೆಳೆಯಷ್ಟು ಸಣ್ಣಗಾಗಿ, ಮತ್ತೆ ಮೊದಲಿನಿಂದ ಚಿಮ್ಮಿತು. ಕೆಲವೇ ಸೆಕೆಂಡಿನ ಚಿತ್ರ, ತಿರುಗಿ ತಿರುಗಿ ಅದೇ. ಹುಡುಗ ಕೆನ್ನೆಗೆ ಕೈಯಿಟ್ಟು ನೋಡಿದ. ‘ಸಾರ್, ಕಾಪಿ ಮಾಡೋದಷ್ಟೇನಾ, ಮ್ಯೂಸಿಕ್ಕೂ ಹಾಕ್ಲಾ?’ ಅಂದ.

ಹೊಸ ಡಾಕ್ಟರಿಗೆ ನನ್ನ ಮಗಳದೇ ವಯಸ್ಸು. ನಾನು ಅಷ್ಟು ಕಷ್ಟಪಟ್ಟು ತಂದ ಕಟ್ಟನ್ನು ಅವರು ಕೊನೆಯಿಂದ ತಿರುವಿದರು, ಡಿಸ್ಚಾರ್ಜ್ ಸಮ್ಮರಿಯಲ್ಲಿ ಒಂದೆರಡು ಕಡೆ ಬೆರಳಿಟ್ಟರು. ‘ಎಕೋ, ಟಿ.ಎಂ.ಟಿ., ಲಿಪಿಡ್, ಕ್ರಿಯಾಟಿನಿನ್ ಎಲ್ಲ ಒಂದ್ಸಲ ಫ್ರೆಶ್ಶಾಗಿ ಮಾಡಿಸಿಬಿಡೋಣ ಅಂಕಲ್’ ಅಂದರು. ಹಾಗಾದರೆ ನೆಲಮಾಳಿಗೆಗೆ ಇಳಿದದ್ದೆಲ್ಲ ಯಾವ ಸುಖಕ್ಕೆ ಅಂದುಕೊಳ್ಳುತ್ತ ಕೂತೆ. ಅವರು ಮಾತ್ರೆ ಚೀಟಿ ಬರೆಯತೊಡಗಿದರು, ಒಂದೊಂದು ಹೆಸರೂ ದೊಡ್ಡಕ್ಷರದಲ್ಲಿ. ಔಷಧದ ಹೆಸರನ್ನು ಸ್ಪಷ್ಟವಾಗಿ, ಆದಷ್ಟೂ ದೊಡ್ಡಕ್ಷರದಲ್ಲಿ ಬರೆಯಬೇಕೆಂದು ಪರಿಷತ್ತು 2016ರಲ್ಲೇ ನಿಯಮ ತಿದ್ದಿತ್ತು. ಪಾಲಿಸುವವರನ್ನು ನಾನು ಕಣ್ಣಾರೆ ಕಂಡದ್ದು ಅವತ್ತು. ನಮ್ಮ ಪಕ್ಕದ ಮನೆಯವರ ಕೀಲುಮೂಳೆ ಡಾಕ್ಟರಂತೂ ಆಸ್ಪತ್ರೆ ಬದಲಾಯಿಸಿದ ಮೇಲೆ, ಇವರು ಬೆನ್ನು ಹತ್ತಿ ಹೋಗಿ ಹಳೆಯ ಚೀಟಿ ತೋರಿಸಿದರೆ, ‘ಯಾರ್ರೀ ಹಿಂಗೆ ಬರೆದಿರೋದು, ಒಂದಕ್ಷರಾನೂ ಗೊತ್ತಾಗ್ತಿಲ್ಲ’ ಅಂತ ರೇಗಿದರಂತೆ. ‘ನೀವೇ ಸಾರ್’ ಅಂದರಂತೆ ಇವರು.

ನಮ್ಮ ಹೊಸ ಡಾಕ್ಟರು ಬಿ.ಪಿ.ಗೆ ರಾಮಿಪ್ರಿಲ್ ಅಂತ ಅರ್ಧ ಬರೆದವರು ತಟ್ಟನೆ ನಿಲ್ಲಿಸಿದರು. ಮತ್ತೆ ಹಳೆಯ ಕಟ್ಟಿಗೆ ಕೈಹಾಕಿ, ಅಂಚಿನಲ್ಲಿದ್ದ ಒಂದು ಸಣ್ಣ ಟಿಪ್ಪಣಿ ಹುಡುಕಿದರು. ‘ಇದು ಕೊಟ್ಟಾಗ ನಿಮಗೆ ಒಣಕೆಮ್ಮು ಬಂದಿತ್ತಾ?’ ಬಂದಿತ್ತು. ನಾನು ಮರೆತೇಬಿಟ್ಟಿದ್ದೆ. ರಾತ್ರಿಯಿಡೀ ಕೆಮ್ಮಿ, ಧೂಳು ಅಂತ ಮನೆಯ ಪರದೆಗಳನ್ನೆಲ್ಲ ಒಗೆಸಿ, ಕೊನೆಗೆ ಡಾಕ್ಟರ ಹತ್ತಿರ ಹೇಳಿದಾಗ ಅವರು ನಕ್ಕು, ‘ಧೂಳಲ್ಲ ಮೇಷ್ಟ್ರೇ, ಈ ಮಾತ್ರೆ ಕೆಲವರಿಗೆ ಹಾಗೆ ಮಾಡುತ್ತೆ’ ಅಂತ ಟೆಲ್ಮಿಸಾರ್ಟಾನ್‌ಗೆ ಬದಲಾಯಿಸಿದ್ದರು. ಅದನ್ನು ಆ ಅಂಚಿನಲ್ಲಿ ಬರೆದಿಟ್ಟಿದ್ದರು, ಅಡಿಗೆರೆ ಎಳೆದು. ಮಳೆಯ ಸುದ್ದಿ ಇದ್ದ ಕಾಲದ ಕೈಬರಹ ಅದು. ಡಾಕ್ಟರಮ್ಮ ಅರ್ಧ ಬರೆದದ್ದನ್ನು ಹೊಡೆದುಹಾಕಿದರು. ‘ಚೆನ್ನಾಗಿ ನೋಟ್ ಮಾಡಿದ್ದಾರೆ. ಯಾಕೆ ಬಿಟ್ರಿ ಅವರನ್ನ?’ ಅಂತ ಕೇಳಿದರು. ಇತರೆ ಅಂದೆ.

ಮಗಳು ಸುಮ್ಮನಿರಲಿಲ್ಲ. 2021ರ ಸೆಪ್ಟೆಂಬರಿನಲ್ಲಿ ದೇಶಕ್ಕೆಲ್ಲ ಶುರುವಾದ ಡಿಜಿಟಲ್ ಮಿಷನ್ನಿನ ಆಭಾ ನಂಬರು ಮಾಡಿಸಿದಳು. 14 ಅಂಕಿ. ಇನ್ನು ಮುಂದೆ ಈ ವ್ಯವಸ್ಥೆಗೆ ಸೇರಿದ ಆಸ್ಪತ್ರೆ, ಲ್ಯಾಬುಗಳ ದಾಖಲೆ ಫೋನಿನಲ್ಲೇ ಕಾಣುತ್ತದಂತೆ. ಯಾರಾದರೂ ನೋಡಬೇಕಾದರೆ ನನ್ನ ಅನುಮತಿ ಕೇಳಬೇಕಂತೆ. ಆ ಅನುಮತಿಗೂ ಇಂತಿಷ್ಟು ದಿನ ಅಂತ ಗಡುವು ಹಾಕಬಹುದಂತೆ. ಗಡುವು ಮುಗಿದರೆ ಸಂಬಂಧ ತಾನಾಗಿಯೇ ಮುಗಿಯಿತು, ಯಾರ ಮುಖವನ್ನೂ ನೋಡಬೇಕಾಗಿಲ್ಲ. ಇಷ್ಟು ಸಂಕೋಚದ ಜನರಿಗೆ ಇದಕ್ಕಿಂತ ದೊಡ್ಡ ಉಪಕಾರ ಇಲ್ಲ. ಆದರೆ 2014ರ ಕಾಗದಗಳು ಅದಕ್ಕೆ ತಾವಾಗಿ ಏರುವುದಿಲ್ಲ. ಒಂದೊಂದನ್ನೂ ಫೋಟೋ ಹಿಡಿದು ನಾವೇ ಹಾಕಬೇಕು. ಮೊಮ್ಮಗ ಉತ್ಸಾಹದಿಂದ ಶುರು ಮಾಡಿ, ಗೆರೆಯಿಲ್ಲದ ಇಸಿಜಿಯನ್ನು ಮೊದಲು ಏರಿಸಿದ.

ಇಷ್ಟೆಲ್ಲ ಆದ ಮೇಲೆ, ಆಗಲೇಬೇಕಾದದ್ದು ಆಯಿತು. ಸರಸ್ವತಿಪುರಂನ ಛತ್ರವೊಂದರಲ್ಲಿ ಶಿಷ್ಯನ ಮಗಳ ಮದುವೆ. ಎರಡನೇ ಪಂಕ್ತಿಯಲ್ಲಿ ಕೂತಿದ್ದೆ. ಪಕ್ಕದ ಎಲೆಗೆ ಯಾರೋ ಬಂದು, ಮಂಡಿ ಹಿಡಿದುಕೊಂಡು, ‘ಉಸ್ಸಪ್ಪಾ’ ಅಂತ ಕುರ್ಚಿಗೆ ಕುಸಿದರು. ನಮ್ಮ ಹಳೆಯ ಡಾಕ್ಟರು. ಎದ್ದು ಹೋಗೋಣವೆಂದರೆ ಎಲೆಗೆ ಆಗಲೇ ಉಪ್ಪು, ಕೋಸಂಬರಿ ಬಿದ್ದಿತ್ತು. ‘ಮಳೆ ಹೇಗೆ ನಿಮ್ಮ ಕಡೆ?’ ಅಂದರು ಅವರು. ‘ಪರವಾಗಿಲ್ಲ’ ಅಂದೆ. ಅಷ್ಟರಲ್ಲಿ ಚಿರೋಟಿ ಬಂತು. ನಾನು ಅಭ್ಯಾಸಬಲದಿಂದ ಎಲೆಗೆ ಕೈ ಅಡ್ಡ ಹಿಡಿದೆ.

‘ಹಾಕ್ರಿ, ಹಾಕಿ’ ಅಂದರು ಡಾಕ್ಟರು ಬಡಿಸುವವನಿಗೆ. ‘ಅವರೀಗ ನನ್ನ ಪೇಷಂಟ್ ಅಲ್ಲ.’

ನಾನು ಚಿರೋಟಿಯ ಪದರಗಳನ್ನು ನೋಡುತ್ತ ಕೂತೆ. ಅವರೇ ಮುಂದುವರಿಸಿದರು. ‘ಆ ಅರ್ಜಿ ಕೆಳಗೆ ಒಂದು ಖಾನೆ ಇತ್ತಲ್ಲ, ಕಚೇರಿ ಉಪಯೋಗಕ್ಕೆ ಅಂತ. ಅಲ್ಲಿ ನನ್ನ ಸಹಿ ಬೇಕು ಮೇಷ್ಟ್ರೇ. ಇಲ್ದಿದ್ರೆ ಫೈಲ್ ಹೊರಗೆ ಬರಲ್ಲ. ಒಂದು ವಾರ ನಾನು ಊರಲ್ಲಿರಲಿಲ್ಲ, ಅದಕ್ಕೇ ನಿಮಗೆ ತಡವಾಗಿದ್ದು.’ ಬಾದಾಮಿ ಹಾಲು ಸುರಿದುಕೊಂಡರು. ‘ಕೆಮ್ಮಿನ ವಿಷಯ ಅವರು ನೋಡಿದ್ರಾ?’

‘ನೋಡಿದ್ರು.’

‘ಸದ್ಯ.’

ಆಮೇಲೆ ಸ್ವಲ್ಪ ಹೊತ್ತು ಇಬ್ಬರೂ ಊಟ ಮಾಡಿದೆವು. ಅನ್ನಕ್ಕೆ ಸಾರು ಬರುವ ಹೊತ್ತಿಗೆ ಅವರು ನನ್ನ ಕಡೆ ವಾಲಿ, ಎದುರು ಪಂಕ್ತಿಯಲ್ಲಿ ಕೂತಿದ್ದ ದಪ್ಪ ಮೀಸೆಯವರನ್ನು ಕಣ್ಣಲ್ಲೇ ತೋರಿಸಿದರು. ಊರಿನ ಹೆಸರಾಂತ ಮೂಳೆ ಡಾಕ್ಟರು. ‘ನನ್ನ ಮಂಡಿ ಅವನೇ ನೋಡ್ತಿದ್ದಾನೆ, ಮೂರು ವರ್ಷದಿಂದ. ನನ್ನ ಕ್ಲಾಸ್‌ಮೇಟು. ಏನೂ ಗುಣ ಇಲ್ಲ. ಬೆಂಗಳೂರಲ್ಲಿ ಒಬ್ರಿಗೆ ತೋರಿಸೋಣ ಅಂತಿದ್ದೀನಿ. ಅವರು ಹಳೇ ಎಂ.ಆರ್.ಐ. ಎಲ್ಲ ತನ್ನಿ ಅಂತಾರೆ. ಅದು ಅವನ ಆಸ್ಪತ್ರೇಲಿದೆ.’ ಸಾರನ್ನ ಕಲಸುತ್ತಿದ್ದ ಕೈ ನಿಲ್ಲಿಸಿದರು. ‘ನೀವು ಕಾರಣ ಅನ್ನೋ ಕಡೆ ಏನಂತ ಹಾಕಿದ್ರಿ?’

‘ಇನ್ಶೂರೆನ್ಸ್‌ಗೆ ಟಿಕ್ ಹಾಕಿ ಡಾಕ್ಟ್ರೇ’ ಅಂದೆ. ‘ಇತರೆ ಅಂದ್ರೆ ಮೇಲಿನವ್ರು ಕರೆದು ಕೇಳ್ತಾರೆ.’